ರಿಪೇರಿ ಮುಗಿದ ಡೀಸೆಲ್ ಇಂಜಿನ್ ತಾನೇ ರೇಸ್ ಆಗಿ ಓಡಿದರೆ: ತಡೆಯುವುದಕ್ಕೂ ನಿಲ್ಲಿಸುವುದಕ್ಕೂ ಸಮಗ್ರ ಮಾರ್ಗದರ್ಶಿ

ಭಾವನ ಕಾರಿಗೆ ಬೇರೆ ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್) ಕೂರಿಸಿದ ದಿನ ನಾನು ಅಲ್ಲೇ ನಿಂತಿದ್ದೆ. 1.3 ಲೀಟರ್ ಡೀಸೆಲ್ ಇಂಜಿನ್, ಹತ್ತು ವರ್ಷ ಓಡಿದ ಗಾಡಿ. ಕೆಳಗಿನ ಪೈಪುಗಳನ್ನು ಬಿಗಿ ಮಾಡಬೇಕಿತ್ತು ಅಂತ ಮುಂದಿನ ಚಕ್ರಗಳು ಇನ್ನೂ ಜಾಕ್ ಮೇಲಿದ್ದವು. ಮೇಸ್ತ್ರಿ ಸೆಲ್ಫ್ ಹೊಡೆದ. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಎಲ್ಲರ ಮುಖದಲ್ಲೂ ನಗು.

ನಾಲ್ಕೈದು ಸೆಕೆಂಡ್ ಆಗಿರಬಹುದು. ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಇಲ್ಲ, ಆದರೂ ರೇಸ್ ಏರತೊಡಗಿತು. ಮೇಸ್ತ್ರಿ ಕೀ ಆಫ್ ಮಾಡಿದ. ಏನೂ ಆಗಲಿಲ್ಲ. ಕೀ ಕಿತ್ತು ಕೈಯಲ್ಲೇ ಹಿಡಿದುಕೊಂಡು ನಿಂತ, ಇಂಜಿನ್ ಇನ್ನೂ ಜೋರಾಗಿ ಕಿರುಚುತ್ತಿತ್ತು. ಸೈಲೆನ್ಸರಿನಿಂದ ಬಂದ ಹೊಗೆಯಲ್ಲಿ ಎದುರಿನ ಅಂಗಡಿ ಕಾಣದಾಯಿತು. ಒಬ್ಬ ಹುಡುಗ ಬ್ಯಾಟರಿ ಟರ್ಮಿನಲ್ ಕಿತ್ತ. ಇನ್ನೊಬ್ಬ ಡೀಸೆಲ್ ಪೈಪ್ ಕಿತ್ತ. ಇಂಜಿನ್‌ಗೆ ಅದ್ಯಾವುದೂ ಲೆಕ್ಕಕ್ಕೇ ಇಲ್ಲ. ಕೊನೆಗೆ ಠಣ್ ಅಂತ ಒಂದು ಸದ್ದು. ಬ್ಲಾಕಿನ ಪಕ್ಕದಲ್ಲಿ ಮುಷ್ಟಿ ಗಾತ್ರದ ತೂತು, ನೆಲದ ತುಂಬ ಆಯಿಲ್.

ಯಾರಿಗೂ ಏಟಾಗಲಿಲ್ಲ, ಅದು ಅದೃಷ್ಟ. ಬಿಚ್ಚಿ ನೋಡಿದಾಗ ಹಳೇ ಟರ್ಬೊ ಉಗುಳಿದ್ದ ಆಯಿಲ್, ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಒಳಗೆ ಹಾಗೇ ಕೂತಿತ್ತು. ಅಲ್ಲಿ ಮೊದಲು ಆಗಬೇಕಿದ್ದ ಕೆಲಸ ಎರಡು. ಸ್ಟಾರ್ಟ್ ಮಾಡುವ ಮುಂಚೆ ಇಂಟರ್‌ಕೂಲರ್ ಬಿಚ್ಚಿ ತೊಳೆಯುವುದು. ಸ್ಟಾರ್ಟ್ ಮಾಡುವಾಗ ಬೇಕಾದರೆ ಇಂಜಿನ್ನಿನ ಗಾಳಿ ಬಾಯಿ ಮುಚ್ಚಲು ಒಬ್ಬನ ಕೈಗೆ ಒಂದು ತುಂಡು ಪ್ಲೈವುಡ್ ಕೊಟ್ಟು ನಿಲ್ಲಿಸುವುದು. ಎರಡೂ ಆಗಿರಲಿಲ್ಲ.

ಕೀ ಯಾಕೆ ಕೆಲಸ ಮಾಡುವುದಿಲ್ಲ

ಪೆಟ್ರೋಲ್ ಇಂಜಿನ್ ಓಡುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ. ಕೀ ತಿರುಗಿಸಿದರೆ ಕಿಡಿ ನಿಲ್ಲುತ್ತದೆ, ಇಂಜಿನ್ನೂ ನಿಲ್ಲುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಗೆ ಬಿದ್ದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗಾಳಿ ಹೆಚ್ಚುಕಡಿಮೆ ಯಾವಾಗಲೂ ಪೂರ್ತಿ ಒಳಗೆ ಹೋಗುತ್ತಿರುತ್ತದೆ. ಇಂಜಿನ್ ಎಷ್ಟು ಜೋರಾಗಿ ಓಡಬೇಕು ಅನ್ನುವುದನ್ನು ತೀರ್ಮಾನಿಸುವುದು ಎಷ್ಟು ಡೀಸೆಲ್ ಬಿತ್ತು ಅನ್ನುವುದು ಮಾತ್ರ.

ಕೀ ಆಫ್ ಮಾಡಿದಾಗ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ, ಡೀಸೆಲ್ ನಿಲ್ಲುತ್ತದೆ. ಆದರೆ ಬಿಸಿ ಗಾಳಿಯಲ್ಲಿ ಹೊತ್ತಿಕೊಳ್ಳುವುದು ಡೀಸೆಲ್ ಒಂದೇ ಅಲ್ಲ. ಇಂಜಿನ್ ಆಯಿಲ್ಲೂ ಚೆನ್ನಾಗಿ ಉರಿಯುತ್ತದೆ. ಗಾಳಿಯ ಜೊತೆಗೆ ಆಯಿಲ್ ಮಂಜಿನಂತೆ ಒಳಗೆ ಬರುತ್ತಿದ್ದರೆ ಅದೇ ಇಂಧನ. ಅದಕ್ಕೆ ಕೀ ಇಲ್ಲ, ಕಂಪ್ಯೂಟರ್ ಇಲ್ಲ. ರೇಸ್ ಏರಿದಷ್ಟೂ ಟರ್ಬೊ ಜೋರಾಗಿ ತಿರುಗುತ್ತದೆ, ಜೋರಾಗಿ ತಿರುಗಿದಷ್ಟೂ ಇನ್ನಷ್ಟು ಆಯಿಲ್ ಎಳೆಯುತ್ತದೆ. ಚಿಕ್ಕ ಕಾರಿನ ಟರ್ಬೊ ಮಾಮೂಲಿ ಓಡಾಟದಲ್ಲೇ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, 2 ಲಕ್ಷದ ತನಕವೂ ಹೋಗುತ್ತದೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಹಾಗಾಗಿ ನಮ್ಮ ಕೈಲಿ ಉಳಿಯುವುದು ಎರಡೇ. ಗಾಳಿ ಬಂದ್ ಮಾಡುವುದು, ಇಲ್ಲವೇ ತಿರುಗುವುದನ್ನೇ ಬಲವಂತವಾಗಿ ನಿಲ್ಲಿಸುವುದು.

ಹೊಸ ಕಾಮನ್ ರೈಲ್ (ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಡೀಸೆಲ್ ಬಿಡುವ) ಇಂಜಿನ್‌ಗಳಲ್ಲಿ ಕೀ ಆಫ್ ಮಾಡಿದಾಗ ಗಾಳಿ ದಾರಿಯಲ್ಲಿ ಒಂದು ಫ್ಲಾಪ್ ಮುಚ್ಚಿಕೊಳ್ಳುವುದುಂಟು. ಇಂಜಿನ್ ನಡುಗದೆ ನಿಲ್ಲಲಿ ಅಂತ ಇಟ್ಟಿರುವುದು ಅದು. ಕೆಲವು ಸಲ ಅದರಿಂದಲೇ ಇಂಜಿನ್ ಉಳಿಯಬಹುದು. ಅದನ್ನೇ ನಂಬಿಕೊಂಡು ಕೂರಬೇಡಿ.

ರಿಪೇರಿ ಆದ ಮೇಲೇ ಯಾಕೆ ಹೀಗಾಗುತ್ತದೆ

ಹಳ್ಳಿಯವರಿಗೆ ಇದು ಹೊಸದಲ್ಲ. ಡೀಸೆಲ್ ಪಂಪ್‌ಸೆಟ್ ಓಡಿಸಿದ ಹಿರಿಯರನ್ನು ಕೇಳಿ. ಓಟವನ್ನು ಮಿತಿಯಲ್ಲಿಡುವ ಗವರ್ನರ್ ಸ್ಪ್ರಿಂಗ್ ಕಳಚಿ ಇಂಜಿನ್ ಕುಣಿದದ್ದು, ಏರ್ ಕ್ಲೀನರ್ ಬಾಯಿಗೆ ಒದ್ದೆ ಗೋಣಿಚೀಲ ತುರುಕಿದ್ದು, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ನಿಲ್ಲಿಸಿದ್ದು, ಎಲ್ಲ ಹೇಳುತ್ತಾರೆ. ಆ ಇಂಜಿನ್‌ಗೆ ಒಂದೇ ಸಿಲಿಂಡರ್, ಟರ್ಬೊ ಇಲ್ಲ, ಓಟವೂ ನಿಧಾನ. ಕಾರಿನ ಟರ್ಬೊ ಮುಂದೆ ಗೋಣಿಚೀಲ ಹಿಡಿದರೆ ಅದನ್ನೇ ನುಂಗುತ್ತದೆ.

ಕಾರಿನಲ್ಲಿ ರಿಪೇರಿ ಅಂದರೆ ಪೈಪ್ ಬಿಚ್ಚಿರುತ್ತಾರೆ, ಆಯಿಲ್ ಬದಲಾಯಿಸಿರುತ್ತಾರೆ, ಯಾವುದೋ ಗ್ಯಾಸ್ಕೆಟ್ ಹೊಸದಾಗಿರುತ್ತದೆ. ಆಯಿಲ್ ಇರಬಾರದ ಕಡೆ ಸೇರಿಕೊಳ್ಳುವುದು ಇಂಥ ಹೊತ್ತಲ್ಲೇ. ನಾನು ಕಂಡ, ಕೇಳಿದ ಪ್ರಕರಣಗಳಲ್ಲಿ ಜಾಸ್ತಿ ಟರ್ಬೊ ಕೆಲಸದವು. ಟರ್ಬೊ ಸೀಲ್ ಅಂದರೆ ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ರಿಂಗ್. ಆಯಿಲ್ಲನ್ನು ಅದು ಒಂದೇ ತಡೆದು ನಿಲ್ಲಿಸುವುದಿಲ್ಲ. ಒಳಗೆ ಬಂದ ಆಯಿಲ್ ಕೆಳಗಿನ ರಿಟರ್ನ್ ಪೈಪಿನಲ್ಲಿ ತಾನಾಗಿ ಇಳಿದು ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಸೇರುತ್ತಿರಬೇಕು. ಆ ಪೈಪಿಗೆ ಪಂಪ್ ಇಲ್ಲ, ಇಳಿಜಾರೇ ಅದರ ಬಲ. ಪೈಪ್ ಮಡಚಿದರೆ, ಮಸಿ ಕಟ್ಟಿದರೆ, ಅಥವಾ ಗ್ಯಾಸ್ಕೆಟ್ ಬದಲು ಹಚ್ಚಿದ ಸಿಲಿಕೋನ್ ಉಕ್ಕಿ ಬಾಯಿ ಮುಚ್ಚಿದರೆ ಆಯಿಲ್ ಸೀಲ್ ದಾಟಿ ಗಾಳಿ ದಾರಿಗೆ ಬರುತ್ತದೆ. ಹೊಚ್ಚ ಹೊಸ ಟರ್ಬೊ ಆದರೂ ಅಷ್ಟೇ. ಆಮೇಲೆ ಟರ್ಬೊ ಮಾರಿದವನಿಗೂ ಮೇಸ್ತ್ರಿಗೂ ಜಗಳ.

ಎರಡನೆಯದು ಆಯಿಲ್ ಜಾಸ್ತಿ ಸುರಿಯುವುದು. ಚಿಕ್ಕ 1.3 ಲೀಟರ್ ಡೀಸೆಲ್‌ಗೆ ಹಿಡಿಸುವುದು ಸುಮಾರು 3 ಲೀಟರ್. ದೊಡ್ಡ ಗಾಡಿಗಳ ಅಭ್ಯಾಸದಲ್ಲಿ ಅದಕ್ಕೂ ಡಬ್ಬಿ ಪೂರ್ತಿ ಬಗ್ಗಿಸಿದರೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲ್ಲಿಗೆ ಬಡಿದು ನೊರೆ ಎಬ್ಬಿಸುತ್ತದೆ, ಆ ನೊರೆ ಬ್ರೀದರ್ ಪೈಪಿನಲ್ಲಿ (ಚೇಂಬರಿನ ಆವಿಯನ್ನು ಗಾಳಿ ದಾರಿಗೆ ಬಿಡುವ ಪೈಪ್) ಹತ್ತಿ ಟರ್ಬೊ ಮುಂದೆ ಬಂದು ಬೀಳುತ್ತದೆ. ಬ್ರೀದರ್ ಪೈಪನ್ನು ತಪ್ಪಾಗಿ ಜೋಡಿಸಿದರೂ ಅಪಾಯವೇ. ಬ್ರೀದರ್ ಕಟ್ಟಿಕೊಂಡರೆ ಚೇಂಬರಿನಲ್ಲಿ ಒತ್ತಡ ಏರಿ ಟರ್ಬೊ ರಿಟರ್ನ್ ಪೈಪಿನಲ್ಲಿ ಆಯಿಲ್ ಇಳಿಯುವುದೇ ನಿಲ್ಲುತ್ತದೆ.

ಹೆಡ್ ಇಳಿಸಿದ ಕೆಲಸದಲ್ಲಿ ಇನ್ನೊಂದು ತರಹ. ಕಂಪ್ರೆಷನ್ ನೋಡಲು ಸಿಲಿಂಡರಿಗೆ ಆಯಿಲ್ ಬಿಟ್ಟಿರುತ್ತಾರೆ, ತೆಗೆಯುವುದನ್ನು ಮರೆತಿರುತ್ತಾರೆ. ಅಥವಾ ಇಂಜೆಕ್ಟರ್ ನಾಝಲ್ ಸರಿಯಾಗಿ ಮುಚ್ಚದೆ ಡೀಸೆಲ್ ತೊಟ್ಟಿಕ್ಕಿ ಸಿಲಿಂಡರಿನಲ್ಲಿ ನಿಂತಿರುತ್ತದೆ. ಡೀಸೆಲ್ ಹೀಗೆ ಸೋರಿ ಚೇಂಬರ್ ಸೇರುವುದೂ ಉಂಟು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಗಳಲ್ಲಿ ಪೇಟೆಯೊಳಗೆ ಬರೀ ಗಿಡ್ಡ ಓಡಾಟ ಮಾಡಿದರೆ, ಫಿಲ್ಟರ್ ಸುಡಲು ಹಾಕಿದ ಡೀಸೆಲ್ ಆಯಿಲ್ಲಿಗೆ ಇಳಿದು ಮಟ್ಟ ಏರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಕದೆಯೇ ಏರಿದೆ, ಮೂಸಿದರೆ ಡೀಸೆಲ್ ವಾಸನೆ ಅಂದರೆ ಅದೇ.

ಕಂಪ್ಯೂಟರ್ ಇಲ್ಲದ ಹಳೇ ರೋಟರಿ ಡೀಸೆಲ್ ಪಂಪ್ ಇರುವ ಗಾಡಿಗಳ ಕಥೆ ಬೇರೆ. ಅಲ್ಲಿ ಡೀಸೆಲ್ಲೇ ಕೈ ತಪ್ಪುತ್ತದೆ. ಪಂಪಿನ ಮೇಲಿನ ಮುಚ್ಚಳ ತೆಗೆದು ಹಾಕುವಾಗ ಗವರ್ನರ್ ಸ್ಪ್ರಿಂಗ್ ಕೊಂಡಿಗೆ ಸಿಗದಿದ್ದರೆ, ಆಕ್ಸಿಲರೇಟರ್ ಶಾಫ್ಟಿನ ಲಿವರ್ ಒಂದು ಹಲ್ಲು ತಪ್ಪಿ ಕೂತರೆ, ಪಿಕಪ್ ಬರಲಿ ಅಂತ ಡೀಸೆಲ್ ಸ್ಕ್ರೂ ವಿಪರೀತ ಒಳಗೆ ತಿರುಗಿಸಿದರೆ ರೇಸ್ ಇಳಿಯುವುದೇ ಇಲ್ಲ. ಇನ್ನು ಕೆಲವರು ಕೀ ಆಫ್ ಮಾಡಿದಾಗ ಡೀಸೆಲ್ ಬಂದ್ ಮಾಡುವ ಸ್ಟಾಪ್ ಸೊಲೆನಾಯ್ಡ್ ಕೆಟ್ಟಿದೆ ಅಂತ ಅದರ ಪ್ಲಂಜರ್ ತೆಗೆದೇ ಓಡಿಸುತ್ತಾರೆ. ಅಂಥ ಗಾಡಿಯಲ್ಲಿ ಕೀ ಇದ್ದೂ ಇಲ್ಲದ ಹಾಗೆ.

ಕೊನೆಯದು ಹೊರಗಿನ ಗಾಳಿಯಲ್ಲೇ ಉರಿಯುವ ಆವಿ ಇರುವುದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ ಸೋರಿದ ಇಂಧನದ ಆವಿ ಅಲ್ಲೇ ಸ್ಟಾರ್ಟ್ ಆಗಿ ನಿಂತಿದ್ದ ಒಂದು ಡೀಸೆಲ್ ಪಿಕಪ್ ಗಾಡಿಯನ್ನು ಮುಟ್ಟಿತು. ಇಂಜಿನ್ ತಾನೇ ರೇಸ್ ಆಯಿತು. ಆವಿಗೆ ಬೆಂಕಿ ಹತ್ತಿದ್ದು ಬಹುಶಃ ಅಲ್ಲಿಂದಲೇ ಅಂತ ತನಿಖೆ ಹೇಳಿತು. 15 ಜನ ಸತ್ತರು. ನಮ್ಮ ಗ್ಯಾರೇಜಿನಲ್ಲಿ ರಿಫೈನರಿ ಇಲ್ಲ ನಿಜ. ಪಾರ್ಟ್ಸ್ ತೊಳೆದ ಪೆಟ್ರೋಲ್ ಬೋಗುಣಿ, ಥಿನ್ನರ್ ಡಬ್ಬಿ ಇರುತ್ತವೆ ಅಲ್ವಾ? ಸ್ಟಾರ್ಟ್ ಮಾಡುವ ಮುಂಚೆ ಅವನ್ನು ದೂರ ಇಡಿ. ಇಂಜಿನ್ ಹಿಡಿಯುತ್ತಿಲ್ಲ ಅಂತ ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡವೇ ಬೇಡ.

ಸ್ಟಾರ್ಟ್‌ಗೆ ಮುಂಚೆ ಮಾಡಬೇಕಾದ್ದು

ಕೆಲಸ ಗ್ಯಾರೇಜಿನವರೇ ಮಾಡಲಿ, ನೀವೇ ಮಾಡಿ, ಕ್ರಮ ಇದೇ.

1. ಹಳೇ ಟರ್ಬೊ ಯಾಕೆ ಹೋಯಿತು ಅಂತ ಮೊದಲು ತಿಳಿಯಿರಿ. ಆಯಿಲ್ ಬರುವ ಪೈಪ್, ಅದರ ಟೊಳ್ಳು ಬೋಲ್ಟ್, ಹೋಗುವ ಪೈಪ್ ಎಲ್ಲವನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಮಸಿ ಕಟ್ಟಿದ್ದರೆ ತೊಳೆಯುತ್ತಾ ಕೂರಬೇಡಿ, ಹೊಸದು ಹಾಕಿ. ಈ ಪೈಪುಗಳ ಜಾಯಿಂಟಿಗೆ ಸಿಲಿಕೋನ್ ಬೇಡ, ಸರಿಯಾದ ಗ್ಯಾಸ್ಕೆಟ್ ತಂದು ಹಾಕಿ.

2. ಇಂಟರ್‌ಕೂಲರ್ ಮತ್ತು ಅದರ ಎರಡೂ ಕಡೆಯ ಹೋಸ್ ಪೈಪ್ ಬಿಚ್ಚಿ. ಗಾಡಿಯಲ್ಲೇ ಇಟ್ಟು ಬಟ್ಟೆಯಲ್ಲಿ ಒರೆಸಿದರೆ ಆಗುವುದಿಲ್ಲ. ಬಿಚ್ಚಿ ಬಾಯಿ ಕೆಳಗೆ ಮಾಡಿ ಬಕೆಟ್ ಮೇಲೆ ಇಡಿ. ಟರ್ಬೊ ಹೋದ ಗಾಡಿಯಲ್ಲಿ ಎಷ್ಟು ಆಯಿಲ್ ಇಳಿಯುತ್ತದೆ ಅಂತ ನೋಡಿದರೆ ಗಾಬರಿಯಾಗುತ್ತದೆ. ತೆಳು ಪದರದಂತೆ ಆಯಿಲ್ ಅಂಟಿರುವುದು ಮಾಮೂಲು, ಬ್ರೀದರಿನಿಂದ ಬಂದದ್ದು. ಸುರಿಯುವಷ್ಟಿದ್ದರೆ ಮಾಮೂಲಲ್ಲ. ತೊಳೆಯಲು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬಳಸುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಒಳಗಿನ ಸಣ್ಣ ದಾರಿಗಳಲ್ಲಿ ಸ್ವಲ್ಪ ಉಳಿದರೂ ಅದೂ ಇಂಧನವೇ. ಗ್ರೀಸ್ ತೆಗೆಯುವ ಸೋಪ್ ದ್ರಾವಣ ಹಾಕಿ, ಬಿಸಿನೀರಿನಲ್ಲಿ ಮೂರು ನಾಲ್ಕು ಸಲ ಜಾಲಿಸಿ, ಕಂಪ್ರೆಸರ್ ಗಾಳಿ ಹೊಡೆದು, ಒಂದು ರಾತ್ರಿ ನೇತುಹಾಕಿ. ಪೂರ್ತಿ ಒಣಗದೆ ಕೂರಿಸಬೇಡಿ.

3. ಟರ್ಬೊ ಚೂರಾಗಿ ಒಡೆದಿದ್ದರೆ ಇಂಟರ್‌ಕೂಲರ್ ತೊಳೆಯುವುದರಲ್ಲಿ ಅರ್ಥವಿಲ್ಲ. ಲೋಹದ ಪುಡಿ ಪೂರ್ತಿ ಬರುವುದಿಲ್ಲ. ಬದಲಾಯಿಸಿ.

4. ಬ್ರೀದರ್ ಪೈಪನ್ನು ಊದಿ ನೋಡಿ. ಎಲ್ಲಿಂದ ಬಿಚ್ಚಿದಿರೋ ಅಲ್ಲೇ ಹೋಗಬೇಕು. ಬಿಚ್ಚುವಾಗಲೇ ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದರೆ ಈ ತಲೆನೋವು ಇಲ್ಲ.

5. ಆಯಿಲ್ ಹಾಕಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಡಿಪ್‌ಸ್ಟಿಕ್ಕಿನ ಎರಡು ಗುರುತಿನ ನಡುವೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದರೆ ಮೊದಲ ಸ್ಟಾರ್ಟ್‌ಗೆ ಸಾಕು. ಹೊಸ ಫಿಲ್ಟರ್ ಸ್ವಲ್ಪ ಕುಡಿಯುತ್ತದೆ, ಆಮೇಲೆ ನೋಡಿ ತುಂಬಿಸಬಹುದು. ಮೇಲಿನ ಗುರುತು ದಾಟಿದ್ದರೆ ಪರವಾಗಿಲ್ಲ ಅನ್ನಬೇಡಿ. ಕೆಳಗಿನ ನಟ್ ಬಿಚ್ಚಿ ಇಳಿಸಿ. ಡಿಪ್‌ಸ್ಟಿಕ್ ಮತ್ತು ಆಯಿಲ್ ಮುಚ್ಚಳ ಎರಡನ್ನೂ ಬಿಗಿಯಾಗಿ ಹಾಕಿ. ಯಾಕೆ ಅಂತ ಹಲಗೆಯ ವಿಷಯ ಬಂದಾಗ ಹೇಳುತ್ತೇನೆ.

6. ಇಂಜೆಕ್ಟರ್ ಬಿಚ್ಚಿದ ಕೆಲಸವಾಗಿದ್ದರೆ, ಅವನ್ನು ಮತ್ತೆ ಕೂರಿಸುವ ಮುಂಚೆ ಡೀಸೆಲ್ ಬಂದ್ ಮಾಡಿ, ತೂತು ತೆರೆದೇ ಇಟ್ಟು ಎರಡು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಸಿಲಿಂಡರಿನಲ್ಲಿ ನಿಂತಿದ್ದ ಡೀಸೆಲ್, ಆಯಿಲ್ ಚಿಮ್ಮಿ ಹೊರಬೀಳುತ್ತದೆ. ಮೇಲೆ ಬಗ್ಗಿ ನೋಡಬೇಡಿ. ಬಟ್ಟೆ ಮುಚ್ಚಿ, ದೂರ ನಿಲ್ಲಿ.

7. ಹೊಸ ಟರ್ಬೊಗೆ ಆಯಿಲ್ ಬರುವ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ. ಆಮೇಲೆ ಡೀಸೆಲ್ ಬಂದ್ ಮಾಡಿ ಬರೀ ಸೆಲ್ಫ್ ಹೊಡೆಯಬೇಕು. ಕಾಮನ್ ರೈಲ್ ಆದರೆ ಇಂಜೆಕ್ಟರ್ ಕನೆಕ್ಟರ್ ಕಿತ್ತರೆ ಸಾಕು. ಡ್ಯಾಷ್‌ಬೋರ್ಡಿನಲ್ಲಿ ದೀಪ ಬರುತ್ತದೆ, ಆಮೇಲೆ ಅಳಿಸಬಹುದು. ಹಳೇ ಪಂಪ್ ಆದರೆ ಸೊಲೆನಾಯ್ಡ್ ವೈರ್ ಕಿತ್ತಿಡಿ. ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು. ಆಯಿಲ್ ದೀಪ ಆರುವ ತನಕ ಹೀಗೆ ಮಾಡಿ. ಆಗ ರಿಟರ್ನ್ ಪೈಪಿನ ಕೆಳತುದಿ ಬಿಚ್ಚಿ ಒಂದು ಬಾಟಲಿಗೆ ಹಿಡಿಯಿರಿ. ಆಯಿಲ್ ಸಲೀಸಾಗಿ ಇಳಿಯಬೇಕು. ಐದು ನಿಮಿಷದ ಈ ಪರೀಕ್ಷೆ ಭಾವನ ಇಂಜಿನ್ ಉಳಿಸುತ್ತಿತ್ತು, ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಹಲಗೆ

ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಮೆರಿಕದ ಡೆಟ್ರಾಯಿಟ್ ಕಂಪನಿಯ ಹಳೇ ಎರಡು ಸ್ಟ್ರೋಕ್ ಡೀಸೆಲ್ ಇಂಜಿನ್‌ಗಳಿಗೆ ಗಾಳಿಯನ್ನೇ ಬಂದ್ ಮಾಡುವ ತುರ್ತು ಫ್ಲಾಪ್ ಇರುತ್ತಿತ್ತು. ಹಾಗಿದ್ದೂ ಅಲ್ಲಿನ ಮೆಕ್ಯಾನಿಕ್‌ಗಳು ರಿಪೇರಿ ಆದ ಇಂಜಿನ್ ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಬಾಯಿಯ ಪಕ್ಕ ಹಲಗೆ ಹಿಡಿದು ನಿಲ್ಲುತ್ತಿದ್ದರು. ಇದು ಪುಕ್ಕಲುತನ ಅಲ್ಲ, ಕಸುಬು.

12 ಮಿಲಿಮೀಟರ್ ದಪ್ಪದ ಪ್ಲೈವುಡ್ ತಗೊಳ್ಳಿ, ಉದ್ದಗಲ ಒಂದು ಗೇಣು ಇದ್ದರೆ ಸಾಕು. ಒಂದು ಮುಖಕ್ಕೆ ಹಳೇ ಟೈರ್ ಟ್ಯೂಬಿನ ತುಂಡು ಅಂಟಿಸಿ. ಹಿಂದೆ ಹಿಡಿಯಲು ಮರದ ಪಟ್ಟಿ ಹೊಡೆಯಿರಿ, ಬೆರಳು ಅಂಚಿಗೆ ಬರಬಾರದು.

ಇದನ್ನು ಎಲ್ಲಿ ಒತ್ತುವುದು? ಏರ್ ಫಿಲ್ಟರ್ ಡಬ್ಬಿಗೆ ಹೊರಗಿನ ಗಾಳಿ ತರುವ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅದನ್ನು ಮಾತ್ರ ತೆಗೆದಿಡಿ. ಫಿಲ್ಟರ್ ಒಳಗೇ ಇರಲಿ, ಇಲ್ಲದಿದ್ದರೆ ಸಡಿಲ ನಟ್ ಕೂಡ ಟರ್ಬೊ ಪಾಲಾಗುತ್ತದೆ. ಈಗ ಡಬ್ಬಿಯ ಬಾಯಿ ಕಾಣುತ್ತದೆ. ಇಂಜಿನ್ ಆಫ್ ಇರುವಾಗಲೇ ಹಲಗೆ ಇಟ್ಟು ನೋಡಿ. ಸುತ್ತ ಸಂದಿ ಉಳಿಯಬಾರದು. ಬಾಯಿ ಚಪ್ಪಟೆ ಇಲ್ಲದಿದ್ದರೆ ಅದಕ್ಕೆ ತಕ್ಕ ಮರದ ಬಿರಟೆ ಮಾಡಿಸಿಕೊಳ್ಳಿ. ಡಬ್ಬಿಯ ಕ್ಲಿಪ್ ಎಲ್ಲ ಹಾಕಿರಬೇಕು. ತಳದಲ್ಲಿ ನೀರು ಇಳಿಯುವ ತೂತಿದ್ದರೆ ಟೇಪ್ ಹಚ್ಚಿ, ಆಮೇಲೆ ಮರೆಯದೆ ತೆಗೆಯಿರಿ. ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆಯುವಾಗಲೇ ಹಲಗೆ ಒತ್ತಿ ಹಿಡಿದು ನೋಡಿ, ಒಳಕ್ಕೆ ಎಳೆದಂತಾಗಬೇಕು.

ಡಿಪ್‌ಸ್ಟಿಕ್, ಆಯಿಲ್ ಮುಚ್ಚಳದ ಮಾತು ಇಲ್ಲಿಗೆ ಬಂತು. ಹಲಗೆ ಒತ್ತಿದಾಗ ಇಂಜಿನ್ ಬೇರೆ ದಾರಿಯಲ್ಲಿ ಗಾಳಿ ಹುಡುಕುತ್ತದೆ. ಬ್ರೀದರ್ ಪೈಪ್ ಮೂಲಕ ಚೇಂಬರಿನಿಂದಲೂ ಎಳೆಯುತ್ತದೆ. ಮುಚ್ಚಳ ತೆರೆದಿದ್ದರೆ ಅಲ್ಲಿಂದ ಬೇಕಾದಷ್ಟು ಗಾಳಿ, ಜೊತೆಗೆ ಆಯಿಲ್. ಹಲಗೆ ಹಿಡಿದೂ ವ್ಯರ್ಥ.

ಮೊದಲ ಸ್ಟಾರ್ಟ್

ಗಾಡಿ ಜಾಕ್ ಮೇಲೂ ಇರಬಾರದು, ಲಿಫ್ಟ್ ಮೇಲೂ ಇರಬಾರದು. ನಾಲ್ಕೂ ಚಕ್ರ ನೆಲದ ಮೇಲೆ, ಚಕ್ರಕ್ಕೆ ಕಲ್ಲು ಅಥವಾ ಮರದ ತಡೆ. ಚಕ್ರ ಗಾಳಿಯಲ್ಲಿದ್ದರೆ ಗೇರಿನಲ್ಲಿ ಇಂಜಿನ್ ಕೊಲ್ಲುವ ದಾರಿ ಮುಚ್ಚಿದ ಹಾಗೆ. ಶೆಡ್ಡಿನ ಒಳಗೆ ಬೇಡ, ಹೊರಗೆ ತಳ್ಳಿಕೊಂಡು ಬನ್ನಿ. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು. ನೋಡಲು ಬಂದ ಹುಡುಗರನ್ನು ಕಳಿಸಿ.

ಮೂವರು ಬೇಕು. ಒಬ್ಬ ಡ್ರೈವರ್ ಸೀಟಿನಲ್ಲಿ, ಒಬ್ಬ ಹಲಗೆ ಹಿಡಿದು, ಇನ್ನೊಬ್ಬ ಕಾರ್ಬನ್ ಡೈಆಕ್ಸೈಡ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು. ಹಲಗೆಯವನು ಬೆಲ್ಟಿನ ಸಾಲಿಗೂ ಬ್ಲಾಕಿನ ಪಕ್ಕಕ್ಕೂ ನಿಲ್ಲದೆ ಗಾಳಿ ಬಾಯಿಗೆ ಕೈ ಎಟುಕುವ ಕಡೆ ನಿಲ್ಲಬೇಕು. ಸಡಿಲ ತೋಳು, ಲುಂಗಿ, ಕೊರಳಿನ ಟವೆಲ್ ಇರಬಾರದು. ಕಣ್ಣಿಗೆ ಕನ್ನಡಕ. ಇಂಜಿನ್ ಕಿರುಚುವಾಗ ಮಾತು ಕೇಳುವುದಿಲ್ಲ. ಕೈ ಮೇಲೆತ್ತಿದರೆ ಹಲಗೆ ಒತ್ತು ಅಂತ ಮೊದಲೇ ಮಾತಾಡಿಕೊಳ್ಳಿ.

ಮ್ಯಾನುವಲ್ ಗೇರಿನ ಗಾಡಿಯಾದರೆ ಡ್ರೈವರ್ ಹೀಗೆ ಕೂರಲಿ: ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಕಾಲಿನ ಬ್ರೇಕ್ ಗಟ್ಟಿಯಾಗಿ ತುಳಿದು, ಕ್ಲಚ್ ಪೂರ್ತಿ ಒತ್ತಿ, ಗೇರ್ ಐದನೆಯದರಲ್ಲಿ. ಆರು ಗೇರ್ ಇದ್ದರೆ ಆರನೆಯದರಲ್ಲಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡುವುದೇ ಎಲ್ಲರ ಅಭ್ಯಾಸ, ಗೊತ್ತು. ಆದರೆ ರೇಸ್ ಏರುವಾಗ ಗೇರ್ ಹುಡುಕುತ್ತಾ ಕೂರಲು ಸಮಯ ಇರುವುದಿಲ್ಲ. ಗೇರ್ ಮೊದಲೇ ಬಿದ್ದಿದ್ದರೆ ಕ್ಲಚ್ಚಿನಿಂದ ಕಾಲು ತೆಗೆದರೆ ಮುಗಿಯಿತು.

ಈಗ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಮುಟ್ಟಬೇಡಿ. ಹಿಡಿದ ಕೂಡಲೇ ರೇಸ್ ಸ್ವಲ್ಪ ಮೇಲೆ ಹೋಗಿ, ಇಳಿದು, ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ನಿಲ್ಲಬೇಕು. ಇಳಿಯದೆ 1,500 ದಾಟಿತೋ, ಕಾಯಬೇಡಿ. ಏನಾಗುತ್ತೆ ನೋಡೋಣ ಅಂತ ಕಾದವರದ್ದೇ ಇಂಜಿನ್ ಹೋಗಿರುವುದು. ಹೊಗೆ ಮಾತ್ರ ನೋಡಿ ಹೆದರಬೇಡಿ. ಹೊಸ ಕೆಲಸದಲ್ಲಿ ಸೈಲೆನ್ಸರಿನಲ್ಲಿ ಕೂತ ಹಳೇ ಆಯಿಲ್ ಕೆಲವು ನಿಮಿಷ ಹೊಗೆಯಾಗಿ ಹೋಗುತ್ತದೆ. ಹೊಗೆಯ ಜೊತೆ ರೇಸ್ ಏರಿದರೆ ಅದು ಬೇರೆ ಮಾತು.

ಅರ್ಧ ನಿಮಿಷ ಸರಿಯಾಗಿ ನಿಂತರೆ ನ್ಯೂಟ್ರಲ್‌ಗೆ ತನ್ನಿ. ಐದು ನಿಮಿಷ ಹಾಗೇ ಓಡಲಿ. ಸುಮ್ನೆ ರೇಸ್ ಮಾಡಿ ಸದ್ದು ಕೇಳುವ ಚಟ ಬೇಡ. ಆಫ್ ಮಾಡಿ, ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಪೈಪ್ ಬಿಚ್ಚಿ ಬೆರಳಾಡಿಸಿ. ಒಣಗಿದ್ದರೆ ಒಳ್ಳೆಯದು. ಆಯಿಲ್ ಮಟ್ಟ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ನಾಲ್ಕೈದು ಕಿಲೋಮೀಟರ್ ಓಡಿಸಿ ಮತ್ತೆ ಅದೇ ಪೈಪ್ ನೋಡಿ. ಇದು ಅತಿಯಾಯಿತು ಅನ್ನಿಸಬಹುದು. ಐಡ್ಲಿಂಗ್‌ನಲ್ಲಿ ಸುಮ್ಮನಿದ್ದ ಆಯಿಲ್ ಹೈವೇಯಲ್ಲಿ ಮೊದಲ ಓವರ್‌ಟೇಕ್ ಮಾಡುವಾಗ ಟರ್ಬೊ ಒತ್ತಡಕ್ಕೆ ಎದ್ದು ಬರುವುದುಂಟು.

ಓಡಿಯೇ ಬಿಟ್ಟರೆ

*ನಿಂತ ಗಾಡಿ, ಮ್ಯಾನುವಲ್ ಗೇರ್.* ಕೀ ಆಫ್ ಮಾಡಿ. ಕೀ ಕಿತ್ತುಕೊಳ್ಳಬೇಡಿ, ಆಫ್ ಮಾಡಿದ್ದರಿಂದ ನಿಲ್ಲುತ್ತದೇನೋ ಅಂತ ಕಾಯಲೂ ಬೇಡಿ. ಬ್ರೇಕ್ ಮೇಲೆ ಪೂರ್ತಿ ಭಾರ ಹಾಕಿ, ಮೇಲಿನ ಗೇರಿನಲ್ಲಿ ಕ್ಲಚ್ ಒಮ್ಮೆಲೇ ಬಿಡಿ. ನಿಧಾನಕ್ಕೆ ಬಿಟ್ಟರೆ ಕ್ಲಚ್ ಜಾರಿ ಸುಡುತ್ತದೆ, ಇಂಜಿನ್ ಓಡುತ್ತಲೇ ಇರುತ್ತದೆ. ಮೊದಲ ಗೇರಿನಲ್ಲಿ ಈ ಕೆಲಸ ಮಾಡಬೇಡಿ, ಗಾಡಿ ಮುಂದಕ್ಕೆ ನುಗ್ಗುತ್ತದೆ. ರೇಸ್ ಕೆಳಗಿರುವಾಗಲೇ ಬಿಟ್ಟರೆ ಒಂದು ಕುಲುಕು, ಇಂಜಿನ್ ಬಂದ್. 4,000 ದಾಟಿದ ಮೇಲೆ ಗ್ಯಾರಂಟಿ ಇಲ್ಲ.

*ಹಲಗೆ.* ಡ್ರೈವರ್ ಕೈ ಎತ್ತಿದ ಕೂಡಲೇ ಹಲಗೆಯನ್ನು ಬಾಯಿಗೆ ಒತ್ತಿ ಹಿಡಿಯಿರಿ. ಗಾಳಿ ಸಿಗದ ಇಂಜಿನ್ ಮೊದಲು ಕಪ್ಪು ಹೊಗೆ ಉಗುಳಿ, ತಡವರಿಸಿ, ನಿಲ್ಲುತ್ತದೆ. ಫಿಲ್ಟರ್ ನಂತರದ ರಬ್ಬರ್ ಪೈಪ್ ಒಳಕ್ಕೆ ಚಪ್ಪಟೆಯಾಗಿ ಹೀರಿಕೊಳ್ಳಬಹುದು, ಆದರೂ ಕೈ ಸಡಿಲಿಸಬೇಡಿ. ಪೂರ್ತಿ ನಿಂತ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇರಿ. ಬೇಗ ತೆಗೆದರೆ ಮತ್ತೆ ಎದ್ದುಬಿಡುತ್ತದೆ.

*ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್.* ಹಲಗೆ ಕೂರದಿದ್ದರೆ ಇದು. ಅಗಲ ಬಾಯಿಯ ಕಹಳೆಯನ್ನು ಗಾಳಿ ಬಾಯಿಗೆ ಹಿಡಿದು, ನಿಲ್ಲುವ ತನಕ ಬಿಡದೆ ಹೊಡೆಯಿರಿ. ಬಿಟ್ಟು ಬಿಟ್ಟು ಹೊಡೆದರೆ ಸಿಲಿಂಡರ್ ಖಾಲಿಯಾಗುತ್ತದೆ ಅಷ್ಟೇ. ಹಿಡಿಕೆಯಲ್ಲೇ ಹಿಡಿಯಿರಿ, ಕಹಳೆ ಮುಟ್ಟಿದರೆ ಚಳಿಗೆ ಚರ್ಮ ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಹೊಡೆದರೆ ನಿಮಗೂ ಉಸಿರಾಡಲು ಗಾಳಿ ಸಿಗುವುದಿಲ್ಲ. ಹೊರಗೆ ತಳ್ಳಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಗ್ಯಾರೇಜಿನ ಗೋಡೆಯಲ್ಲಿ ಸಾಮಾನ್ಯವಾಗಿ ನೇತಾಡುವುದು ಪುಡಿಯ ಸಿಲಿಂಡರ್. ಆ ಪುಡಿ ಒಳಗೆ ಹೋದರೆ ಇಂಜಿನ್ ಸವೆದು ಹಾಳಾಗುತ್ತದೆ. ಅದನ್ನು ಬೆಂಕಿ ಹತ್ತಿದರೆ ಆರಿಸಲು ಇಟ್ಟುಕೊಳ್ಳಿ.

*ಹಳೇ ಪಂಪಿನ ಗಾಡಿ.* ಪಂಪಿನ ಮೇಲೆ ಸ್ಟಾಪ್ ಲಿವರ್ ಇದ್ದರೆ ಎಳೆಯಿರಿ. ಡೀಸೆಲ್ಲಿನಿಂದಲೇ ಓಡುತ್ತಿದ್ದರೆ ನಿಲ್ಲುತ್ತದೆ. ಕಾಮನ್ ರೈಲ್ ಇಂಜಿನ್ನಿನಲ್ಲಿ ಮಾತ್ರ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಲು ಹೋಗಬೇಡಿ. ಅಲ್ಲಿ ಒತ್ತಡ 1,600 ಬಾರ್, ಕೆಲವದರಲ್ಲಿ ಇನ್ನೂ ಜಾಸ್ತಿ. ಆ ಡೀಸೆಲ್ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕಿಯಷ್ಟು ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

*ಆಟೋಮ್ಯಾಟಿಕ್.* ಗೇರಿನಲ್ಲಿ ಕೊಲ್ಲಲು ಆಗುವುದಿಲ್ಲ. ಪಾರ್ಕಿನಲ್ಲೇ ಇರಲಿ. ಹಲಗೆ, ಸಿಲಿಂಡರ್ ಎರಡೇ ದಾರಿ. ಹಾಗಾಗಿ ಆಟೋಮ್ಯಾಟಿಕ್ ಗಾಡಿಯನ್ನು ಹಲಗೆ ಇಲ್ಲದೆ ಮೊದಲ ಸಲ ಸ್ಟಾರ್ಟ್ ಮಾಡಲೇಬೇಡಿ.

*ರಸ್ತೆಯಲ್ಲಿ ಓಡುತ್ತಿರುವಾಗ.* ಎಲ್ಲರೂ ಮಾಡುವ ತಪ್ಪು ಕ್ಲಚ್ ಒತ್ತುವುದು. ಕ್ಲಚ್ ಒತ್ತಿದರೆ ಗಾಡಿಯ ಭಾರ ಇಂಜಿನ್‌ನಿಂದ ಕಳಚಿ ರೇಸ್ ಆಕಾಶಕ್ಕೆ ಹೋಗುತ್ತದೆ. ಗೇರಿನಲ್ಲೇ ಇರಿ. ಗೇರ್ ಬದಲಿಸಲು ಮಾತ್ರ ಒಂದೇ ಸಲ ಕ್ಲಚ್ ಒತ್ತಿ, ಬೇಗನೆ ಮೇಲಿನ ಗೇರಿಗೆ ಹಾಕಿ. ಅಪಾಯದ ದೀಪ ಹಾಕಿ, ಎಡಕ್ಕೆ ಬನ್ನಿ, ಬ್ರೇಕ್ ಗಟ್ಟಿಯಾಗಿ ಒಂದೇ ಸಮ ತುಳಿದು ಗಾಡಿಯನ್ನು ಗೇರಿನಲ್ಲೇ ನಿಲ್ಲಿಸಿ. ಇಂಜಿನ್ ಅದರ ಜೊತೆಗೇ ಸಾಯುತ್ತದೆ. ಬ್ರೇಕ್ ಪಂಪ್ ಮಾಡಬೇಡಿ. ಗಾಡಿ ನಿಲ್ಲುವ ತನಕ ಕೀ ಹೊರಗೆ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗಿಬಿಡಬಹುದು.

ಇದ್ಯಾವುದೂ ಆಗದಿದ್ದರೆ ಇಂಜಿನ್ ಬಿಟ್ಟುಬಿಡಿ. ಎಲ್ಲರೂ ದೂರ ಹೋಗಿ, ಐವತ್ತು ಅಡಿಯಾದರೂ. ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬರುತ್ತದೆ, ಫ್ಲೈವೀಲ್ ಸಿಡಿದರೆ ಚೂರು ಎತ್ತ ಬೇಕಾದರೂ ಹಾರುತ್ತದೆ, ಬಿಸಿ ಸೈಲೆನ್ಸರ್ ಮೇಲೆ ಆಯಿಲ್ ಬಿದ್ದರೆ ಬೆಂಕಿ. ಬೆಂಕಿ ಕಂಡರೆ 112ಕ್ಕೆ ಫೋನ್ ಮಾಡಿ.

ಕೈಯಿಂದ ಗಾಳಿ ಬಾಯಿ ಮುಚ್ಚಬೇಡಿ. ಅಂಗಿ ಬಿಚ್ಚಿ ತುರುಕಬೇಡಿ. ನೀರು ಸುರಿಯಬೇಡಿ. ಸೈಲೆನ್ಸರ್ ಬಾಯಿ ಮುಚ್ಚಲು ಹೋದವರ ಕೈ ಸುಟ್ಟಿದೆ. ಬ್ಯಾಟರಿ ಕೀಳುವುದರಿಂದ ಇಂಜಿನ್ ನಿಲ್ಲುವುದಿಲ್ಲ, ಅದರ ಬದಲು ಕಂಪ್ಯೂಟರ್ ಸುಡಬಹುದು.

ನಿಂತ ಮೇಲೆ

ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಬೇಡ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಯಿಲ್ ಮುಚ್ಚಳ, ರೇಡಿಯೇಟರ್ ಮುಚ್ಚಳ ಆಗಲೇ ತೆರೆಯಬೇಡಿ. ಒಳಗೆ ಬಿಸಿ ಆಯಿಲ್ಲಿನ ಆವಿ ತುಂಬಿರುತ್ತದೆ, ಗಾಳಿ ಸಿಕ್ಕರೆ ಹೊತ್ತಿಕೊಳ್ಳಬಹುದು. ಒಂದು ಗಂಟೆಯಾದರೂ ತಣ್ಣಗಾಗಲಿ.

ಆಮೇಲೆ ಗ್ಲೋ ಪ್ಲಗ್ (ತಣ್ಣಗಿನ ಸಿಲಿಂಡರನ್ನು ಸ್ಟಾರ್ಟ್‌ಗೆ ಕಾಯಿಸುವ ಪ್ಲಗ್) ಬಿಚ್ಚಿ ಕ್ರ್ಯಾಂಕನ್ನು ಪಾನಾ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಹೆಡ್ ಇಳಿಸಲೇಬೇಕು. ಸಲೀಸಾಗಿ ತಿರುಗಿದರೆ ಕಂಪ್ರೆಷನ್ ನೋಡಿ. ಒಂದು ಸಿಲಿಂಡರಿನಲ್ಲಿ ಮಾತ್ರ ಕಡಿಮೆ ಇದ್ದರೆ ರಾಡ್ ಬಗ್ಗಿರಬಹುದು, ವಾಲ್ವ್ ಬಗ್ಗಿರಬಹುದು. ಆಯಿಲ್ ಇಳಿಸಿ ಅದರಲ್ಲಿ ಮಿನುಗುವ ಲೋಹದ ಪುಡಿ ಇದೆಯಾ ನೋಡಿ, ಇದ್ದರೆ ಬೇರಿಂಗ್ ಹೋಗಿದೆ. ಟರ್ಬೊ ಶಾಫ್ಟ್ ಅಲುಗಾಡಿಸಿ. ಡಿಪಿಎಫ್ ಇರುವ ಗಾಡಿಯಲ್ಲಿ ಅದು ಆಯಿಲ್ ಕುಡಿದಿರುತ್ತದೆ, ಬಿಚ್ಚಿ ನೋಡದೆ ಓಡಿಸಿದರೆ ಒಳಗೇ ಉರಿಯುತ್ತದೆ. ಗೇರಿನಲ್ಲಿ ನಿಲ್ಲಿಸಿದ್ದರೆ ಕ್ಲಚ್ ಪ್ಲೇಟ್ ಕೂಡ. ಇಂಟರ್‌ಕೂಲರ್ ಮತ್ತೆ ಮೊದಲಿನಿಂದ ತೊಳೆಯಬೇಕು.

ಮಾಮೂಲಿ ವಾಹನ ವಿಮೆಯಲ್ಲಿ ಇಂಜಿನ್ ತಾನೇ ಕೆಟ್ಟದ್ದಕ್ಕೆ ದುಡ್ಡು ಬರುವುದಿಲ್ಲ. ಹಾಗಾಗಿ ಜವಾಬ್ದಾರಿ ಯಾರದ್ದು ಅನ್ನುವ ಮಾತು ಬಂದೇ ಬರುತ್ತದೆ. ಬಿಚ್ಚುವಾಗ ನೀವೂ ಪಕ್ಕದಲ್ಲೇ ಇರಿ. ಪ್ರತಿ ಪೈಪಿನ ಫೋಟೋ ತೆಗೆಯಿರಿ, ಹಳೇ ಪಾರ್ಟ್ಸ್ ಗುಜರಿಗೆ ಹೋಗಲು ಬಿಡಬೇಡಿ. ನಮ್ಮ ಭಾವ ದಿನದ ಕೆಲಸ ಬಿಟ್ಟು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಇಂಟರ್‌ಕೂಲರಿನಲ್ಲಿ ಆಯಿಲ್ ಸಿಕ್ಕಿದ ಕೂಡಲೇ ಮೇಸ್ತ್ರಿ, ಕಾರಣ ಸಿಕ್ತು ಬಿಡಿ ಸಾರ್ ಅಂದ. ಭಾವ, ರಿಟರ್ನ್ ಪೈಪನ್ನೂ ಬಿಚ್ಚಪ್ಪಾ ಅಂದರು. ಅದರ ಬಾಯಲ್ಲಿ ಕೆಂಪು ಸಿಲಿಕೋನ್ ಗಟ್ಟಿಯಾಗಿ ಕೂತು, ಕಡಲೆಕಾಳಿನಷ್ಟು ದಾರಿ ಮಾತ್ರ ಉಳಿದಿತ್ತು. ಬಿಚ್ಚದೇ ಇದ್ದಿದ್ದರೆ ಅದೇ ಪೈಪನ್ನು ಎರಡನೇ ಇಂಜಿನ್‌ಗೂ ಹಾಕುತ್ತಿದ್ದರು.